ಹೈಸ್ಕೂಲ್ ಮಕ್ಕಳಿಗೆ ಲ್ಯಾಪ್‌ಟಾಪ್: ಕೈಗೆ ಕೊಡುವ ಮೊದಲಿನ ಕೆಲಸ

ಶಾಮಿಯಾನ ಹಾಕಿ, ಹಾರ ಶಾಲು ತರಿಸಿ, ಸೀಲ್ ಒಡೆಯದ ಡಬ್ಬವನ್ನು ಹಾಗೇ ಮಕ್ಕಳ ಕೈಗಿಟ್ಟು ಫೋಟೊ ತೆಗೆಸುವ ಕಾರ್ಯಕ್ರಮವನ್ನು ನೀವೂ ನೋಡಿರುತ್ತೀರಿ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಹಳೆ ವಿದ್ಯಾರ್ಥಿಗಳ ಸಂಘದವರು, ಬೆಂಗಳೂರು ಸೇರಿದ ಊರಿನ ಹುಡುಗರು, ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ತೋಟದವರು ಹೀಗೆ ಹೈಸ್ಕೂಲಿಗೆ ಲ್ಯಾಪ್‌ಟಾಪ್ ಕೊಡಿಸುತ್ತಾರೆ. ಮನಸ್ಸು ದೊಡ್ಡದೇ. ಆದರೆ ಒಂದು ಮಳೆಗಾಲ ಕಳೆದು ಆ ಮನೆಗಳಿಗೆ ಹೋಗಿ ನೋಡಿ. ಒಂದು, ಪಾಸ್‌ವರ್ಡ್ ಗೊತ್ತಿಲ್ಲದೆ ಬೀರು ಸೇರಿರುತ್ತದೆ. ಇನ್ನೊಂದರಲ್ಲಿ ಅಣ್ಣ ಸಿನಿಮಾ ನೋಡುತ್ತಿರುತ್ತಾನೆ. ಮತ್ತೊಂದು ಸಿಡಿಲಿಗೆ ಹೋಗಿರುತ್ತದೆ.

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. ಪೆರು ದೇಶದಲ್ಲಿ ‘ಮಗುವಿಗೊಂದು ಲ್ಯಾಪ್‌ಟಾಪ್’ ಎಂದು ಹಳ್ಳಿ ಶಾಲೆಗಳಿಗೆ ರಾಶಿಗಟ್ಟಲೆ ಹಂಚಿದರು. 319 ಪ್ರಾಥಮಿಕ ಶಾಲೆಗಳನ್ನು ನೋಡಿದ ಅಧ್ಯಯನ 2012ರಲ್ಲಿ ಹೊರಬಂತು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಅಂಕ ಏರಿದ್ದಕ್ಕೆ ಪುರಾವೆ ಸಿಗಲಿಲ್ಲ. ಅಲ್ಲಿನ ಹೆಚ್ಚಿನ ಶಾಲೆಗಳಿಗೆ ಇಂಟರ್‌ನೆಟ್ಟೇ ಇರಲಿಲ್ಲ. ನಮ್ಮ ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳ ಸ್ಥಿತಿಯೂ ಅಷ್ಟೇ ಅಲ್ವಾ? ಫೋನ್ ಮಾಡಬೇಕಾದರೆ ಗುಡ್ಡ ಹತ್ತುವ ಊರಲ್ಲಿ ಲ್ಯಾಪ್‌ಟಾಪ್ ತನ್ನಷ್ಟಕ್ಕೆ ಏನೂ ಕಲಿಸುವುದಿಲ್ಲ.

ಹಾಗಾಗಿ ನನ್ನ ಲೆಕ್ಕ ಇಷ್ಟು: ಖರೀದಿಗೆ ಒಂದು ದಿನ ಸಾಕು, ತಯಾರಿಗೆ ಎರಡು ವಾರ ಇಟ್ಟುಕೊಳ್ಳಿ. ಇಪ್ಪತ್ತನ್ನು ತಯಾರು ಮಾಡಲು ಆಗದಿದ್ದರೆ ಎಂಟೇ ಕೊಡಿ.

1. ಯಾರಿಗೆ, ಯಾವಾಗ

ಒಂಬತ್ತನೇ ತರಗತಿ ಶುರುವಾಗುವಾಗ ಕೊಡಿ. ಹತ್ತಕ್ಕೆ ಬಂದ ಮೇಲೆ ಎಸ್ಸೆಸ್ಸೆಲ್ಸಿ ಗಡಿಬಿಡಿಯಲ್ಲಿ ಹೊಸದನ್ನು ಕಲಿಯಲು ಯಾರಿಗೂ ಪುರುಸೊತ್ತಿಲ್ಲ. ಮಕ್ಕಳಿಗಿಂತ ಮೊದಲು ಗಣಿತ, ವಿಜ್ಞಾನದ ಮೇಷ್ಟ್ರಿಗೆ ಒಂದೊಂದು ಕೊಡಿ. ಬೇಸಿಗೆ ರಜೆಯಲ್ಲಿ ಅವರ ಕೈ ಪಳಗಲಿ.

2. ಯಾವುದನ್ನು ಕೊಳ್ಳುವುದು

8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್). ಇದಕ್ಕಿಂತ ಕೆಳಗೆ ಇಳಿಯಬೇಡಿ. ಆನ್‌ಲೈನ್ ಸೇಲಿನಲ್ಲಿ ‘ವಿದ್ಯಾರ್ಥಿ ಲ್ಯಾಪ್‌ಟಾಪ್’ ಎಂದು 4 ಜಿಬಿ ರ್‍ಯಾಮ್, 64 ಜಿಬಿ ಇಎಂಎಂಸಿ (ಅಗ್ಗದ, ನಿಧಾನದ ಸಂಗ್ರಹ ಚಿಪ್) ಇರುವ ಸಣ್ಣ ಯಂತ್ರಗಳು ಬರುತ್ತವೆ. ಅವುಗಳಲ್ಲಿ ವಿಂಡೋಸ್ ಕೂತರೇ ಅರ್ಧ ಜಾಗ ಮುಗಿಯುತ್ತದೆ. ಅಪ್‌ಡೇಟಿಗೇ ಜಾಗ ಸಾಲದು. ಅದೇ ದುಡ್ಡಿಗೆ ಕಂಪನಿಗಳು ಬಳಸಿ ಬಿಟ್ಟ ಗಟ್ಟಿ ಬಿಸಿನೆಸ್ ಲ್ಯಾಪ್‌ಟಾಪ್ ಸಿಗುತ್ತದೆ. ಕೀಲಿಮಣೆ ಗಟ್ಟಿ, ಬಿಡಿಭಾಗ ಸುಲಭ. ನಾನಾದರೆ ಅದನ್ನೇ ಕೊಳ್ಳುತ್ತೇನೆ. ಹಾರ್ಡ್‌ಡಿಸ್ಕ್ ಇರುವುದು ಬೇಡ. ಕಾಲುಸಂಕ ದಾಟಿ, ಬಸ್ಸಿನಲ್ಲಿ ನೇತಾಡಿಕೊಂಡು ಬರುವ ಮಕ್ಕಳ ಬ್ಯಾಗಿನಲ್ಲಿ ತಿರುಗುವ ಡಿಸ್ಕ್ ಬಾಳುವುದಿಲ್ಲ.

ಹಳೆಯದನ್ನು ಕೊಳ್ಳುವಾಗ ಒಂದು ಎಚ್ಚರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಬೇಕೆಂದರೆ ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಇರಬೇಕು. ಅದಕ್ಕಿಂತ ಹಳೆಯದಾದರೆ ವಿಂಡೋಸ್ ಬದಲು ಉಬುಂಟು ಎಂಬ ಕಾರ್ಯವ್ಯವಸ್ಥೆ ಹಾಕಿ. ಕಾಸು ಕೊಡಬೇಕಿಲ್ಲ, ಕಾಟ ಕಡಿಮೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಟ್ಟಲೆಯಿಂದ ಇಂಥ ಉಚಿತ ತಂತ್ರಾಂಶದಲ್ಲೇ ನಡೆಯುತ್ತಿವೆ. ‘ಐನೂರು ಕೊಡಿ, ವಿಂಡೋಸ್, ಆಫೀಸ್ ಎಲ್ಲ ಹಾಕಿಕೊಡ್ತೀನಿ’ ಎನ್ನುವ ಅಂಗಡಿಯಿಂದ ದೂರ ಇರಿ. ಕದ್ದ ಕಾಪಿಯ ಜೊತೆ ವೈರಸ್ಸೂ ಬರುತ್ತದೆ. ಬರೆಯಲು, ಲೆಕ್ಕ ಹಾಕಲು ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶ ಧಾರಾಳ ಸಾಕು.

3. ಖಾತೆ ಮಾಡುವುದು

ಬೀರು ಸೇರಿದ ಲ್ಯಾಪ್‌ಟಾಪ್‌ಗಳಲ್ಲಿ ಅರ್ಧ ಕೆಡುವುದು ಇಲ್ಲೇ. ಅಂಗಡಿ ಹುಡುಗ ತನ್ನದೇ ಇಮೇಲ್ ಹಾಕಿ ಮೈಕ್ರೋಸಾಫ್ಟ್ ಖಾತೆ ಶುರು ಮಾಡಿಕೊಡುತ್ತಾನೆ. ಹೊಸ ವಿಂಡೋಸ್ 11ರಲ್ಲಿ ಹಾಗೆ ಲಾಗಿನ್ ಆದರೆ ಡಿಸ್ಕಿಗೆ ತನ್ನಷ್ಟಕ್ಕೇ ಬೀಗ ಬೀಳಬಹುದು. ಆ ಬೀಗದ 48 ಅಂಕಿಯ ಕೀ ಹೋಗಿ ಕೂರುವುದು ಆ ಹುಡುಗನ ಖಾತೆಯಲ್ಲಿ. ಮುಂದೆ ಯಾವತ್ತೋ ಯಂತ್ರ ಆ ಕೀ ಕೇಳುತ್ತದೆ. ಅಷ್ಟೊತ್ತಿಗೆ ಅವನು ಕೆಲಸ ಬಿಟ್ಟು ಮಂಗಳೂರಿನಲ್ಲಿರುತ್ತಾನೆ. ಒಳಗಿನ ಪಾಠ, ನೋಟ್ಸ್ ಎಲ್ಲ ಹೋದ ಹಾಗೆ.

ಹೀಗೆ ಮಾಡಿ. ಶಾಲೆಯ ಹೆಸರಲ್ಲಿ ಒಂದು ಇಮೇಲ್ ಮಾಡಿ, ಅದರಲ್ಲೇ ಯಂತ್ರ ಶುರು ಮಾಡಿ. ಇದು ಅಡ್ಮಿನ್ ಖಾತೆ, ಪಾಸ್‌ವರ್ಡ್ ಮುಖ್ಯೋಪಾಧ್ಯಾಯರ ಬಳಿ. ಆ 48 ಅಂಕಿಯ ರಿಕವರಿ ಕೀಯನ್ನು ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ಮಗುವಿಗೆ ಬೇರೆ ಸಾಮಾನ್ಯ ಖಾತೆ. ಅದರಲ್ಲಿ ಯಂತ್ರದ ಸೆಟ್ಟಿಂಗ್ ಬದಲಿಸಲು, ಎಲ್ಲರಿಗೂ ಸೇರುವ ಸಾಫ್ಟ್‌ವೇರ್ ಹಾಕಲು ಪಾಸ್‌ವರ್ಡ್ ಕೇಳುತ್ತದೆ. ಅಣ್ಣನಿಗೆ ಸಿನಿಮಾ ನೋಡಲೇಬೇಕಿದ್ದರೆ ಅವನ ಫೋನಿದೆ.

4. ಪಾಠ ತುಂಬಿಸುವುದು

ಇಲ್ಲಿ ಅವಸರ ಮಾಡಬೇಡಿ. ಎರಡು ವಾರ ಕೇಳಿದ್ದೇ ಇದಕ್ಕೆ.

ಹೆಚ್ಚಿನವರು ಮಾಡುವುದೇನು? ಶಿವಮೊಗ್ಗ ಪೇಟೆಯಲ್ಲಿ, ಚೆನ್ನಾಗಿ ವೈಫೈ ಇರುವ ಮನೆಯಲ್ಲಿ ಕೂತು ಡೆಸ್ಕ್‌ಟಾಪ್ ತುಂಬ ಯೂಟ್ಯೂಬ್ ಲಿಂಕುಗಳ ಶಾರ್ಟ್‌ಕಟ್ ಹಾಕುತ್ತಾರೆ. ನೋಡಲು ಚೆಂದ. ಅಲ್ಲಿ ಎಲ್ಲವೂ ತೆರೆದುಕೊಳ್ಳುತ್ತದೆ. ಹೊಸನಗರ ಕಡೆಯ ಘಟ್ಟ ಹತ್ತಿದ ಮೇಲೆ ಒಂದೂ ತೆರೆಯುವುದಿಲ್ಲ. ಆದ್ದರಿಂದ ನಿಯಮ ಒಂದೇ: ಡಿಸ್ಕಿನ ಒಳಗೆ ಇಲ್ಲದ್ದು ಲೆಕ್ಕಕ್ಕೇ ಇಲ್ಲ.

ಮೊದಲು ಪಠ್ಯಪುಸ್ತಕ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಉಚಿತ. ಈ ವರ್ಷದ್ದೇ ಪರಿಷ್ಕೃತ ಪುಸ್ತಕವೋ ಎಂದು ಮುಖಪುಟ ನೋಡಿ ಇಳಿಸಿ. ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ, ಗಣಿತದ ಇಂಗ್ಲಿಷ್ ಮಾಧ್ಯಮದ ಪುಸ್ತಕವನ್ನೂ ಹಾಕಿಕೊಡಿ. ಇದನ್ನು ಯಾರೂ ಮಾಡುವುದಿಲ್ಲ, ನಾನು ಮಾತ್ರ ಹಟ ಹಿಡಿಯುತ್ತೇನೆ. ಪರದೆಯ ಎಡಕ್ಕೆ ‘ರೋಧ’ ಇರುವ ಪುಟ, ಬಲಕ್ಕೆ ‘ರೆಸಿಸ್ಟೆನ್ಸ್’ ಇರುವ ಅದೇ ಪುಟ. ಪಿಯುಸಿ ವಿಜ್ಞಾನಕ್ಕೆ ಹೋಗಿ ಮೊದಲ ತಿಂಗಳಲ್ಲೇ ಬೆವರುವ ನಮ್ಮ ಹಳ್ಳಿ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಇನ್ನೊಂದು ಮಾತು: ಕೆಲವು ಕನ್ನಡ ಪಿಡಿಎಫ್‌ಗಳು ಹಳೆಯ ಫಾಂಟಿನಲ್ಲಿವೆ, ಅದರೊಳಗೆ ಪದ ಹುಡುಕಿದರೆ ಸಿಗುವುದಿಲ್ಲ. ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ.

ಆಮೇಲೆ ಫೆಟ್ (PhET). ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ, ಪರದೆಯ ಮೇಲೇ ಮಾಡಿ ನೋಡುವ ಪ್ರಯೋಗಗಳ ಸಂಗ್ರಹ ಇದು. ಹಲವು ಪ್ರಯೋಗಗಳು ಕನ್ನಡದಲ್ಲೇ ಸಿಗುತ್ತವೆ. ಒಂದೊಂದೂ ಒಂದೊಂದು ಫೈಲ್. ಇಳಿಸಿಕೊಂಡರೆ ಬ್ರೌಸರಿನಲ್ಲಿ ನೆಟ್ ಇಲ್ಲದೆ ಓಡುತ್ತದೆ. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠಕ್ಕೆ ಅದರ ಸರ್ಕ್ಯೂಟ್ ಕಟ್ಟುವ ಪ್ರಯೋಗ ಹಾಕಿ. ತಂತಿ, ಬಲ್ಬು, ಬ್ಯಾಟರಿ ಎಳೆದು ಜೋಡಿಸಬಹುದು. ಶಾರ್ಟ್ ಆದರೆ ಪರದೆಯಲ್ಲೇ ಬೆಂಕಿ ಹೊತ್ತುತ್ತದೆ. ಮಕ್ಕಳು ಬೇಕಂತಲೇ ಹೊತ್ತಿಸುತ್ತಾರೆ. ಹೊತ್ತಿಸಲಿ, ಸರಣಿ ಜೋಡಣೆ, ಸಮಾಂತರ ಜೋಡಣೆ ಎರಡೂ ಹಾಗೇ ತಲೆಗೆ ಹೋಗುತ್ತವೆ. ರೇಖಾಗಣಿತಕ್ಕೆ ಜಿಯೋಜೀಬ್ರಾ, ಪರದೆಯಲ್ಲಿ ಆಕೃತಿ ಬರೆದು ಎಳೆದಾಡುವ ತಂತ್ರಾಂಶ. ತ್ರಿಭುಜದ ಮೂಲೆ ಎಳೆದಾಡಿದರೂ ಥೇಲ್ಸ್ ಪ್ರಮೇಯದ ಅನುಪಾತ ಅಲುಗಾಡದೇ ಇರುವುದನ್ನು ಕಣ್ಣಾರೆ ನೋಡಬಹುದು.

ಕೀವಿಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಇಡೀ ಕನ್ನಡ ವಿಕಿಪೀಡಿಯ ಒಂದೇ ಫೈಲಾಗಿ ಡಿಸ್ಕಿನಲ್ಲಿ ಕೂರುತ್ತದೆ. ವಿಡಿಯೊಗಳಿಗೆ ಖಾನ್ ಅಕಾಡೆಮಿ ಎಂಬ ಉಚಿತ ಪಾಠಗಳ ತಾಣ ಇದೆ. ಶಾಲೆಯಲ್ಲಿ ಒಂದು ಕಂಪ್ಯೂಟರ್ ಬಿಡುವಿದ್ದರೆ ಅದಕ್ಕೆ ಕೋಲಿಬ್ರಿ (ಪಾಠಗಳನ್ನು ಇಟ್ಟುಕೊಂಡು ಬೇರೆ ಯಂತ್ರಗಳಿಗೆ ಹಂಚುವ ತಂತ್ರಾಂಶ) ಹಾಕಿ, ಒಂದು ರೂಟರ್ ಜೋಡಿಸಿ. ಇಂಟರ್‌ನೆಟ್ ಇಲ್ಲದೆಯೇ ಎಲ್ಲ ಲ್ಯಾಪ್‌ಟಾಪ್‌ಗೂ ಅಲ್ಲಿಂದ ಪಾಠ ಸಿಗುತ್ತದೆ. ಹಳೆ ಪ್ರಶ್ನೆಪತ್ರಿಕೆಗಳನ್ನು ಮರೆಯಬೇಡಿ, ಮಕ್ಕಳು ಎಲ್ಲಕ್ಕಿಂತ ಮೊದಲು ತೆರೆಯುವುದು ಅದನ್ನೇ.

ಇಳಿಸಿದ್ದನ್ನೆಲ್ಲ ‘ಡೌನ್‌ಲೋಡ್ಸ್’ನಲ್ಲಿ ರಾಶಿ ಹಾಕಿ ಕೊಟ್ಟರೆ ಕೊಟ್ಟೂ ಕೊಡದ ಹಾಗೆ. ಪುಸ್ತಕದ ಕ್ರಮದಲ್ಲೇ ಫೋಲ್ಡರ್ ಮಾಡಿ: ತರಗತಿ, ವಿಷಯ, ಆಮೇಲೆ ಪಾಠ. ಹೆಸರಿನ ಮುಂದೆ 01, 02 ಎಂದು ಹಾಕಿ, ಇಲ್ಲದಿದ್ದರೆ ಅಕ್ಷರದ ಕ್ರಮದಲ್ಲಿ ಹನ್ನೆರಡನೇ ಪಾಠ ಮೇಲೆ ಬಂದು ಕೂರುತ್ತದೆ. ಆ ಪಾಠದ ವಿಡಿಯೊ, ಪ್ರಯೋಗ, ಪ್ರಶ್ನೆ ಎಲ್ಲ ಆ ಫೋಲ್ಡರಿನೊಳಗೇ ಇರಲಿ. ಮೇಷ್ಟ್ರು ‘ನಾಲ್ಕನೇ ಪಾಠ ತೆಗೀರಿ’ ಎಂದರೆ ಎಲ್ಲರಿಗೂ ಒಂದೇ ಜಾಗದಲ್ಲಿ ಸಿಗಬೇಕು.

ಒಂದು ಯಂತ್ರವನ್ನು ಪೂರ್ತಿ ತಯಾರು ಮಾಡಿ, ಫೋಲ್ಡರನ್ನು ಪೆನ್ ಡ್ರೈವ್‌ಗೆ ಹಾಕಿ ಉಳಿದವಕ್ಕೆ ಕಾಪಿ ಮಾಡಿ. ಪೆನ್ ಡ್ರೈವ್ ಮಾತ್ರ ಬಿಲ್ಲು ಕೊಡುವ ಅಂಗಡಿಯದ್ದಿರಲಿ. ಮುನ್ನೂರು ರೂಪಾಯಿಗೆ ‘1 ಟಿಬಿ’ ಎಂದು ಬರುವುದು ಮೋಸ. ಕಾಪಿ ಆದಂತೆ ತೋರಿಸುತ್ತದೆ, ಒಳಗೆ ಫೈಲ್ ಹಾಳಾಗಿರುತ್ತದೆ.

ಕೊನೆಗೆ ಪರೀಕ್ಷೆ. ಏರೋಪ್ಲೇನ್ ಮೋಡ್ ಹಾಕಿ. ಮಗುವಿನ ಖಾತೆಯಲ್ಲಿ ಲಾಗಿನ್ ಆಗಿ, ನಿಮ್ಮದರಲ್ಲಿ ಅಲ್ಲ. ಪ್ರತಿ ವಿಷಯದಿಂದ ನಾಲ್ಕೈದು ಫೈಲ್ ತೆರೆದು ನೋಡಿ, ವಿಡಿಯೊದ ಶಬ್ದ ಕೇಳಿ. ಒಂಬತ್ತನೇ ತರಗತಿಯ ಒಂದು ಮಗುವನ್ನೇ ಕೂರಿಸಿ ‘ಬೆಳಕಿನ ಪಾಠ ತೆಗಿ’ ಎಂದು ಹೇಳಿ ಸುಮ್ನೆ ನೋಡುತ್ತಾ ನಿಲ್ಲಿ. ಎಲ್ಲಿ ತಡವರಿಸುತ್ತದೋ ಅಲ್ಲಿ ನಿಮ್ಮ ಫೋಲ್ಡರ್ ಸರಿಯಿಲ್ಲ.

5. ಕನ್ನಡ ಟೈಪಿಂಗ್

ಯೂನಿಕೋಡ್ ಮಾತ್ರ, ಅಂದರೆ ಯಾವ ಯಂತ್ರದಲ್ಲಿ ತೆರೆದರೂ ಕನ್ನಡ ಕನ್ನಡವಾಗೇ ಕಾಣುವ ಪದ್ಧತಿ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಪ್ರಬಂಧವನ್ನು ಇನ್ನೊಂದು ಯಂತ್ರದಲ್ಲಿ ತೆಗೆದರೆ ಬರೀ ಚಿತ್ರವಿಚಿತ್ರ ಚಿಹ್ನೆ. ಕೀಲಿ ವಿನ್ಯಾಸಕ್ಕೆ ಕಗಪ (ಕನ್ನಡ ಗಣಕ ಪರಿಷತ್ತಿನದ್ದು) ಇಡಿ. ಉಬುಂಟುವಿನಲ್ಲಿ ಅದು ಮೊದಲೇ ಇದೆ, ಆರಿಸಿಕೊಂಡರೆ ಆಯಿತು. ‘ಅಕ್ಕ’ಕ್ಕೆ ಎ, ಕೆ, ಎಫ್, ಕೆ. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತುವುದೊಂದು ಗೊತ್ತಾದರೆ ಮಕ್ಕಳು ಬೇಗ ಹಿಡಿಯುತ್ತಾರೆ. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಕನ್ನಡ ಬರೆಯುವ ಅಭ್ಯಾಸ ಬೇಡವೇ ಬೇಡ.

6. ಕರೆಂಟು, ಸಿಡಿಲು

ಶರಾವತಿಯಲ್ಲಿ ಕರೆಂಟು ತಯಾರಾಗುತ್ತದೆ, ಆದರೆ ಗಾಳಿ ಮಳೆಗೆ ಮರ ಬಿದ್ದರೆ ಲೈನ್‌ಮನ್ ಬರುವವರೆಗೆ ನಮಗೆ ಕತ್ತಲೆ. ಅದಕ್ಕೆ ಬ್ಯಾಟರಿ ಚೆನ್ನಾಗಿರಬೇಕು. ಬಳಸಿದ್ದನ್ನು ಕೊಂಡರೆ ಬ್ಯಾಟರಿ ಹೊಸದು ಹಾಕಿಸಿ. ಸ್ಟೆಬಿಲೈಸರ್ ಬೇಡ. ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ, ಸಂಜೆಯ ಮಂದ ವೋಲ್ಟೇಜನ್ನು ಅದೇ ತಡೆದುಕೊಳ್ಳುತ್ತದೆ.

ಅದು ತಡೆಯದ್ದು ಸಿಡಿಲು. ಏಪ್ರಿಲ್, ಮೇ ತಿಂಗಳ ಅಡ್ಡ ಮಳೆಯಲ್ಲೂ ಅಕ್ಟೋಬರಿನಲ್ಲೂ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ‘ಸ್ಪೈಕ್ ಗಾರ್ಡ್ ಇದೆ ಮಾರಾಯ್ರೆ’ ಎನ್ನುತ್ತಾರೆ. ಅಗ್ಗದ ಎಷ್ಟೋ ಬೋರ್ಡುಗಳಲ್ಲಿ ಹೆಸರು ಬಿಟ್ಟರೆ ಒಳಗೆ ಏನೂ ಇರುವುದಿಲ್ಲ. ಇದ್ದರೂ ಮನೆಗೆ ಅರ್ತಿಂಗ್ ಇಲ್ಲದಿದ್ದರೆ ಅದರಿಂದ ಪೂರ್ತಿ ಪ್ರಯೋಜನ ಇಲ್ಲ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಕನ್ವರ್ಟರ್ ಸಿಕ್ಕಿಸುವುದನ್ನಂತೂ ಮನೆ ಮನೆಯಲ್ಲಿ ನೋಡುತ್ತೇನೆ. ಅಲ್ಲಿಗೆ ಅರ್ತಿಂಗ್ ಹೋಯಿತು. ಚಾರ್ಜಿಗೆ ಹಾಕಿದಾಗ ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದರೆ ಚುರುಚುರು ಎಂದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ.

ಶಾಲೆಯಲ್ಲೂ ಲೆಕ್ಕ ಹಾಕಿ. 65 ವ್ಯಾಟಿನ 30 ಚಾರ್ಜರ್ ಒಟ್ಟಿಗೆ ಹಾಕಿದರೆ 1,950 ವ್ಯಾಟ್. ಒಂದು 6 ಆಂಪಿಯರ್ ಲೈನು ತಡೆಯುವುದು ಸುಮಾರು 1,400 ಮಾತ್ರ. ಮಕ್ಕಳು ಮನೆಯಲ್ಲೇ ಚಾರ್ಜ್ ಮಾಡಿ ತರಲಿ.

7. ಮಳೆಗಾಲ

ಆಗುಂಬೆ, ಹುಲಿಕಲ್ ಕಡೆಯ ಜೂನ್, ಜುಲೈ ಎಂದರೆ ಚಪ್ಪಲಿಗೂ ಬೂಷ್ಟು. ಬೆಚ್ಚಗಿರಲಿ ಎಂದು ಲ್ಯಾಪ್‌ಟಾಪನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ. ಹೊಗೆಯ ಮಸಿ ಫ್ಯಾನಿಗೆ ಹೋಗಿ ಕಟ್ಟಿಕೊಳ್ಳುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡುವುದೂ ಬೇಡ, ಅಕ್ಕಿ ಹುಡಿ ಕಿಂಡಿಗಳಿಗೆ ಹೋಗುತ್ತದೆ. ನುಸಿಗುಳಿಗೆ ತೇವ ಹೀರುವುದೇ ಇಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಅಷ್ಟು ಸಾಕು. ಬಣ್ಣ ಬದಲಾಗುವ ಜೆಲ್ ತಂದರೆ ಯಾವಾಗ ಒಣಗಿಸಬೇಕು ಎಂದು ತಿಳಿಯುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬರುತ್ತದೆ. ಆ ಬಾಣಲೆಯಲ್ಲಿ ಅಡುಗೆ ಮಾಡಬೇಡಿ. ಎಲ್ಲಕ್ಕಿಂತ ಒಳ್ಳೆಯದು ದಿನಾ ಬಳಸುವುದು. ಯಂತ್ರದ ಬಿಸಿಯೇ ತೇವ ಓಡಿಸುತ್ತದೆ. ಬ್ಯಾಗಿನೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇರಲಿ. ‘ವಾಟರ್‌ಪ್ರೂಫ್ ಬ್ಯಾಗ್’ ಎಂಬ ಮಾತನ್ನು ನಮ್ಮ ಮಳೆಯ ಮುಂದೆ ನಂಬಬೇಡಿ.

8. ಕೊಟ್ಟ ಮೇಲೆ

ಯಂತ್ರದ ಸೀರಿಯಲ್ ನಂಬರ್ ಬರೆದು ಅಪ್ಪ ಅಮ್ಮನ ಸಹಿ ಹಾಕಿಸಿಕೊಳ್ಳಿ. ಹತ್ತನೇ ತರಗತಿ ಮುಗಿದ ಮೇಲೆ ಅದು ಮಗುವಿನದ್ದೋ ಶಾಲೆಯದ್ದೋ ಎಂಬುದನ್ನು ಆ ಹಾಳೆಯಲ್ಲೇ ಬರೆಯಿರಿ, ಆಮೇಲಿನ ಜಗಳ ತಪ್ಪುತ್ತದೆ. ಎಲ್ಲವೂ ಒಂದೇ ಮಾಡೆಲ್ ಆಗಿದ್ದರೆ ಶಾಲೆಯಲ್ಲಿ ಎರಡು ಚಾರ್ಜರ್, ಒಂದು ಬ್ಯಾಟರಿ ಹೆಚ್ಚಿಗೆ ಇಡಿ. ಮೊದಲು ಹೋಗುವುದು ಚಾರ್ಜರಿನ ತಂತಿ, ಅದೂ ಯಂತ್ರಕ್ಕೆ ಸಿಕ್ಕಿಸುವ ತುದಿಯಲ್ಲಿ. ನೂರೈವತ್ತರ ಡೂಪ್ಲಿಕೇಟ್ ಚಾರ್ಜರ್ ತರುವ ಮೊದಲು ಆ ಎರಡರಲ್ಲಿ ಒಂದನ್ನು ಕೊಟ್ಟು ಕಳಿಸಿ, ಹಳೆಯದನ್ನು ಪೇಟೆಗೆ ಹೋದಾಗ ರಿಪೇರಿ ಮಾಡಿಸಿ.