ಹಾರ್ಮೋನಿನ ಜೀನ್ ಔಷಧಕ್ಕೆ ಗುರಿಯಾದೀತೇ? ಸೆಮಿನಾರಿಗೆ ಮೊದಲು ನೋಡಬೇಕಾದ್ದು

ಧಾರವಾಡದ ನಮ್ಮ ಕಾಲೇಜಿನಲ್ಲಿ ಎಂ.ಫಾರ್ಮ್ ಸೆಮಿನಾರ್ ಹತ್ತಿರ ಬಂತೆಂದರೆ ಒಂದೇ ಬಗೆಯ ವಿಷಯಗಳು ಸಾಲುಗಟ್ಟುತ್ತವೆ: ‘ಇಂಥ ಹಾರ್ಮೋನಿನ ಜೀನ್, ಬೊಜ್ಜಿಗೆ ಹೊಸ ಔಷಧದ ಗುರಿ’. ರೋಣ, ಸವಣೂರು ಕಡೆಯಿಂದ ಬಂದ ನಮ್ಮ ಹುಡುಗರು ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲೇ ಪೇಪರ್ ಓದಿಕೊಂಡು ಬರುತ್ತಾರೆ. ಶ್ರದ್ಧೆಗೆ ಕೊರತೆಯಿಲ್ಲ. ಆದರೆ ‘ಇಲಿಯಲ್ಲಿ ಜೀನ್ ತೆಗೆದಾಗ ತೂಕ ಬದಲಾಯಿತು’ ಎಂಬಲ್ಲಿಗೆ ಓದು ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಹೋಗುವ ದಾರಿ ಇದು. ದುಡ್ಡು ಬೇಡ, ಇಂಟರ್ನೆಟ್ ಇದ್ದರೆ ಸಾಕು. ಉದಾಹರಣೆಗೆ ಹಸಿವನ್ನು ಹಿಡಿತದಲ್ಲಿಡುವ ಎಂಸಿ4ಆರ್ ಎಂಬ ಜೀನನ್ನು ಹಿಡಿಯೋಣ.

ಮೊದಲು ಎನ್‌ಸಿಬಿಐ ಜೀನ್ ತಾಣದಲ್ಲಿ ಹೆಸರು ಹಾಕಿ, ಹೋಮೋ ಸೇಪಿಯನ್ಸ್ ಎಂದಿರುವ ಸಾಲನ್ನೇ ಒತ್ತಿ. ಮನುಷ್ಯರ ಜೀನಿನ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆಯುತ್ತಾರೆ. ಇಲಿಯದಾದರೆ ಮೊದಲಕ್ಷರ ಮಾತ್ರ ದೊಡ್ಡದು. ಸ್ಲೈಡಿನಲ್ಲಿ ಇವೆರಡು ಕಲೆಸಿದ್ದರೆ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ. ಆಮೇಲೆ ಪ್ರೋಟೀನುಗಳ ವಿವರ ಕೊಡುವ ಯೂನಿಪ್ರಾಟ್ ತಾಣ. ಎಂಸಿ4ಆರ್ ಜೀನಿನ ಪ್ರೋಟೀನ್ 332 ಅಮೈನೋ ಆಮ್ಲಗಳ ರಿಸೆಪ್ಟರ್. ಜೀವಕೋಶದ ಪೊರೆಯಲ್ಲಿದ್ದು ಮೆಲನೊಕಾರ್ಟಿನ್ ಹಾರ್ಮೋನುಗಳ ಸಂದೇಶ ಹಿಡಿಯುತ್ತದೆ. ಹಾರ್ಮೋನು ಬಂದು ಕೂರುವ ಜಾಗ ಇದೆಯೆಂದರೆ ಔಷಧದ ಅಣುವಿಗೂ ಅಲ್ಲಿ ಜಾಗ ಸಿಗುವ ಸಂಭವ ಹೆಚ್ಚು. ಕೋಶದೊಳಗಿನ ಈಸ್ಟ್ರೋಜೆನ್ ರಿಸೆಪ್ಟರಿಗೆ ಸ್ತನ ಕ್ಯಾನ್ಸರಿನ ಔಷಧ ಟಮಾಕ್ಸಿಫೆನ್ ಅಂಟುವುದೂ ಹೀಗೆಯೇ.

ಜೀನ್ ಯಾವ ಅಂಗದಲ್ಲಿ ಕೆಲಸ ಮಾಡುತ್ತದೆ ಎಂಬುದಕ್ಕೆ ಹ್ಯೂಮನ್ ಪ್ರೋಟೀನ್ ಅಟ್ಲಾಸ್ ನೋಡಿ. ಎಂಸಿ4ಆರ್ ಹಸಿವನ್ನು ಹಿಡಿತದಲ್ಲಿಡುವುದು ಮೆದುಳಿನ ಹೈಪೋಥಲಾಮಸ್‌ನಲ್ಲಿ. ಅಂದಮೇಲೆ ಔಷಧ ಅಲ್ಲಿಯವರೆಗೆ ತಲುಪುತ್ತದೆಯೇ ಎಂಬ ಪ್ರಶ್ನೆಗೆ ನಿಮ್ಮ ಬಳಿ ಉತ್ತರ ಇರಬೇಕು.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವ ಹೆಜ್ಜೆ. ಆ ಜೀನ್ ಹುಟ್ಟಿನಿಂದಲೇ ಕೆಟ್ಟಿರುವ ಮನುಷ್ಯರು ಇದ್ದಾರೆಯೇ? ಅವರಿಗೆ ಏನಾಗಿದೆ? ಓಮಿಮ್ ಎಂಬ ತಾಣದಲ್ಲಿ ಇಂಥ ಕುಟುಂಬಗಳ ವಿವರ ಸಿಗುತ್ತದೆ. ಎಂಸಿ4ಆರ್ ಕೆಟ್ಟ ಕುಟುಂಬಗಳ ವರದಿ 1998ರಲ್ಲೇ ಬಂತು: ಮಕ್ಕಳಿಗೆ ಎಳವೆಯಿಂದಲೇ ತಡೆಯಲಾಗದ ಹಸಿವು, ವಿಪರೀತ ತೂಕ. ಇದನ್ನು ಓದಿದ ಮೇಲೂ ಒಬ್ಬ ವಿದ್ಯಾರ್ಥಿನಿ ‘ಈ ರಿಸೆಪ್ಟರನ್ನ ಟಾರ್ಗೆಟ್ ಮಾಡಬೇಕ್ರಿ ಮೇಡಂ’ ಅಂದಳು. ‘ತಂಗಿ, ಬಂದ್ ಮಾಡೂದೋ, ಚಾಲೂ ಮಾಡೂದೋ?’ ಅಂತ ಕೇಳಿದೆ. ಕೆಟ್ಟಾಗ ತೂಕ ಏರುತ್ತದೆ ಎಂದರೆ ಔಷಧ ಅದನ್ನು ಚಾಲೂ ಮಾಡಬೇಕು. ದಿಕ್ಕು ಹೇಳದ ‘ಟಾರ್ಗೆಟ್’ ಅರ್ಧ ವಾಕ್ಯ.

ಅದೇ ಜನರನ್ನು ಇನ್ನೂ ಸೂಕ್ಷ್ಮವಾಗಿ ನೋಡಿದರೆ ಅಡ್ಡಪರಿಣಾಮದ ಸುಳಿವೂ ಸಿಗುತ್ತದೆ. ಎಂಸಿ4ಆರ್ ಕೆಟ್ಟವರಲ್ಲಿ ತೂಕ ಹೆಚ್ಚಿದ್ದರೂ ರಕ್ತದೊತ್ತಡ ನಿರೀಕ್ಷೆಗಿಂತ ಕಡಿಮೆ ಎಂದು 2009ರಲ್ಲಿ ಪ್ರಕಟವಾಯಿತು. ಅದೇ ಅಧ್ಯಯನದಲ್ಲಿ, ಈ ರಿಸೆಪ್ಟರನ್ನು ಚಾಲೂ ಮಾಡುವ ಒಂದು ಪ್ರಯೋಗದ ಔಷಧ ಕೊಟ್ಟಾಗ ಒತ್ತಡ ಏರಿತ್ತು. ನನಗೆ ಇಡೀ ಫಾರ್ಮಕಾಲಜಿಯಲ್ಲಿ ಇಷ್ಟು ಇಷ್ಟವಾದ ಪಾಠ ಕಡಿಮೆ. ಇದೇ ರಿಸೆಪ್ಟರನ್ನು ಚಾಲೂ ಮಾಡುವ, ನಂತರ ಬಂದ ಔಷಧ ಸೆಟ್‌ಮೆಲನೊಟೈಡ್‌ಗೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಯಾರಿಗೆ ಎಂಬುದನ್ನು ಗಮನಿಸಿ. ಪಿಒಎಂಸಿ, ಪಿಸಿಎಸ್‌ಕೆ1 ಅಥವಾ ಲೆಪ್ಟಿನ್ (ಕೊಬ್ಬಿನ ಕೋಶಗಳಿಂದ ಬಂದು ಹಸಿವು ತಗ್ಗಿಸುವ ಹಾರ್ಮೋನು) ರಿಸೆಪ್ಟರಿನ ಜೀನ್ ಕೆಟ್ಟವರಿಗೆ. ಅಂಥವರಲ್ಲಿ ಸಂದೇಶ ಎಂಸಿ4ಆರ್ ತಲುಪುವ ಮೊದಲೇ ನಿಂತುಹೋಗಿರುತ್ತದೆ, ಎಂಸಿ4ಆರ್ ಮಾತ್ರ ನೆಟ್ಟಗಿರುತ್ತದೆ.

ನಿಮ್ಮ ವಿಷಯ ಒಂದು ಹಾರ್ಮೋನಾದರೆ, ರೋಗಿಯ ರಕ್ತದಲ್ಲಿ ಅದು ನಿಜಕ್ಕೂ ಕಡಿಮೆಯಿದೆಯೇ ಎಂದೂ ನೋಡಬೇಕು. ಲೆಪ್ಟಿನ್ ಇದಕ್ಕೆ ಸಾಕ್ಷಿ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಅದರ ಜೀನ್ ಕಂಡುಹಿಡಿದಾಗ ಬೊಜ್ಜಿಗೆ ಮದ್ದು ಸಿಕ್ಕಿತೆಂದು ಲೋಕವೇ ಹಿಗ್ಗಿತು. ಲೆಪ್ಟಿನ್ ಹುಟ್ಟಿನಿಂದಲೇ ಇಲ್ಲದ ಮಕ್ಕಳಿಗೆ ಇಂಜೆಕ್ಷನ್ ಕೊಟ್ಟಾಗ ಹಸಿವು ತಗ್ಗಿ ತೂಕ ಇಳಿಯಿತು. ಆದರೆ ಬೊಜ್ಜಿರುವ ಬಹುತೇಕರ ರಕ್ತದಲ್ಲಿ ಲೆಪ್ಟಿನ್ ಮೊದಲೇ ತುಂಬಿರುತ್ತದೆ. ಅವರಿಗೆ ಮತ್ತಷ್ಟು ಕೊಟ್ಟು ಹೆಚ್ಚೇನೂ ಆಗಲಿಲ್ಲ.

ನೆಂಟಸ್ತಿಕೆಯ ಜೀನುಗಳನ್ನೂ ಒಮ್ಮೆ ನೋಡಿ. ಎಂಸಿ4ಆರ್‌ಗೆ ಎಂಸಿ1ಆರ್ ಎಂಬ ಅಕ್ಕ ಇದ್ದಾಳೆ. ಚರ್ಮದ ಬಣ್ಣ ಅವಳ ಕೈಯಲ್ಲಿ. ಸೆಟ್‌ಮೆಲನೊಟೈಡ್ ಅವಳನ್ನೂ ತಟ್ಟುವುದರಿಂದ ಔಷಧ ತೆಗೆದುಕೊಂಡವರ ಚರ್ಮ ಕಪ್ಪಾಗುತ್ತದೆ.

ಕೊನೆಗೆ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಮತ್ತು ನಮ್ಮ ದೇಶದ ಸಿಟಿಆರ್‌ಐ ಎಂಬ, ಔಷಧ ಪ್ರಯೋಗಗಳನ್ನು ನೋಂದಾಯಿಸುವ ತಾಣಗಳೆರಡರಲ್ಲೂ ಔಷಧದ ಹೆಸರು ಹಾಕಿ. ಯಾವ ಹಂತದ ಪ್ರಯೋಗ ಎಂಬುದನ್ನು ಬರೆದುಕೊಳ್ಳಿ. ನಿಲ್ಲಿಸಿದ ಪ್ರಯೋಗ ಕಂಡರೆ ದಾಟಿ ಹೋಗಬೇಡಿ. ಯಾಕೆ ನಿಲ್ಲಿಸಿದರು ಎಂಬ ಕಾರಣವನ್ನು ಅಲ್ಲೇ ಒಂದು ಸಾಲಿನಲ್ಲಿ ಕೊಟ್ಟಿರುವುದುಂಟು. ಆ ಸಾಲನ್ನು ಸ್ಲೈಡಿಗೆ ಹಾಕಿಕೊಂಡೇ ನನ್ನ ಕೋಣೆಗೆ ಬನ್ನಿ.