ಟೇಲರ್ ಟೇಪ್ ಒಂದಿದ್ರೆ ಸಾಕು, ಶುಗರ್ ರಿಸ್ಕ್ ಮನೇಲೇ ಲೆಕ್ಕ ಹಾಕಿ

ಶುಗರ್ ಇದೆ ಅಂತ ಬಹಳ ಜನಕ್ಕೆ ಗೊತ್ತಾಗೋದೇ ಬೇರೆ ಯಾವುದಕ್ಕೋ ಆಸ್ಪತ್ರೆಗೆ ಹೋದಾಗ. ಕಣ್ಣು ಮಂಜಾಯ್ತು ಅಂತಲೋ ಕಾಲಿನ ಗಾಯ ಒಣಗ್ತಿಲ್ಲ ಅಂತಲೋ ಹೋಗಿರ್ತಾರೆ, ಅಷ್ಟೊತ್ತಿಗೆ ಕಾಯಿಲೆ ಶುರುವಾಗಿ ಎಷ್ಟೋ ವರ್ಷ ಆಗಿರತ್ತೆ. 2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಲ್ಲಿ ನಮ್ಮ ದೇಶದಲ್ಲಿ ಶುಗರ್ ಇರೋರು ಸುಮಾರು 10 ಕೋಟಿ, ಪ್ರಿಡಯಾಬಿಟಿಸ್, ಅಂದ್ರೆ ಶುಗರ್ ಬರೋಕೆ ಮುಂಚಿನ ಹಂತದಲ್ಲಿ ಇರೋರು 13 ಕೋಟಿಗೂ ಜಾಸ್ತಿ. ನೀವು ಎಲ್ಲಿದೀರ ಅಂತ ತಿಳ್ಕೊಳ್ಳೋಕೆ ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು 2005ರಲ್ಲಿ ಒಂದು ಸುಲಭದ ಲೆಕ್ಕ ಕೊಟ್ಟಿದಾರೆ, ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್ ಅಂತ. ನಮ್ಮ ಜನರನ್ನೇ ನೋಡಿ ಮಾಡಿರೋದು. ಈಗಾಗ್ಲೇ ಶುಗರ್ ಇರೋರಿಗೂ ಗರ್ಭಿಣಿಯರಿಗೂ ಇದು ಅಲ್ಲ.

ಒಂದು ಹಾಳೆ ತಗೊಳ್ಳಿ. ಮೊದಲು ವಯಸ್ಸು: 35ರೊಳಗೆ ಇದ್ರೆ ಸೊನ್ನೆ, 35ರಿಂದ 49 ಆದ್ರೆ 20, 50 ಅಥವಾ ಜಾಸ್ತಿ ಆದ್ರೆ 30. ಆಮೇಲೆ ಅಪ್ಪ ಅಮ್ಮ: ಇಬ್ಬರಿಗೂ ಶುಗರ್ ಇಲ್ಲ ಅಂದ್ರೆ ಸೊನ್ನೆ, ಒಬ್ಬರಿಗಿದ್ರೆ 10, ಇಬ್ಬರಿಗೂ ಇದ್ರೆ 20.

ಮೂರನೇದು ಸೊಂಟದ ಸುತ್ತಳತೆ, ಇಲ್ಲೇ ಎಲ್ರೂ ತಪ್ಪೋದು. ಪ್ಯಾಂಟ್ ಸೈಜ್ ಬರೀಬೇಡಿ, ಪ್ಯಾಂಟನ್ನ ನಾವು ಹೊಟ್ಟೆ ಕೆಳಗೆ ಕಟ್ಟೋದು. ಪಕ್ಕೆಲುಬಿನ ಕೊನೇ ಮೂಳೆ ಕೈಯಲ್ಲಿ ಮುಟ್ಟಿ ನೋಡಿ, ಸೊಂಟದ ಮೂಳೆಯ ಮೇಲ್ತುದಿ ಮುಟ್ಟಿ ನೋಡಿ, ಅವೆರಡರ ಮಧ್ಯಕ್ಕೆ ಸರಿಯಾಗಿ ಬರಿ ಮೈ ಮೇಲೆ ಟೇಪ್ ಸುತ್ತಿ, ಹೊಟ್ಟೆ ಒಳಗೆ ಎಳ್ಕೊಳ್ಳದೆ ಉಸಿರು ಮಾಮೂಲಾಗಿ ಬಿಟ್ಟು ಓದಿ. ಟೇಪ್ ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಹೆಂಗಸರಿಗೆ 80 ಸೆಂಟಿಮೀಟರಿಗಿಂತ ಕಮ್ಮಿ ಸೊನ್ನೆ, 80ರಿಂದ 89 ಆದ್ರೆ 10, 90 ಮತ್ತು ಮೇಲೆ 20. ಗಂಡಸರಿಗೆ 90ಕ್ಕಿಂತ ಕಮ್ಮಿ ಸೊನ್ನೆ, 90ರಿಂದ 99 ಆದ್ರೆ 10, 100 ಮತ್ತು ಮೇಲೆ 20. ಕೈಕಾಲು ಸಣ್ಣ ಇದ್ದು ಹೊಟ್ಟೆ ಮಾತ್ರ ಬಂದಿರೋರು ನಮ್ಮಲ್ಲಿ ತುಂಬ, ತೂಕ ಸರಿ ಇದೆ ಅಂತ ಸುಮ್ನಿರ್ತಾರೆ, ಅವರು ಇದನ್ನ ಮಾಡಲೇಬೇಕು.

ಕೊನೇದು ಮೈಗೆ ಕೆಲಸ. ಹೊಲ, ಗಾರೆ ಕೆಲಸದಂಥ ಶ್ರಮದ ದುಡಿಮೆ ಅಥವಾ ದಿನಾ ಜೋರು ವ್ಯಾಯಾಮ ಇದ್ರೆ ಸೊನ್ನೆ, ಮನೆಕೆಲಸ, ಸಾಧಾರಣ ವಾಕಿಂಗ್ ಇದ್ರೆ 20, ಕೂತಲ್ಲೇ ಕೆಲಸ ಮತ್ತು ವ್ಯಾಯಾಮ ಏನೂ ಇಲ್ಲ ಅಂದ್ರೆ 30.

ಈಗ ಕೂಡಿ. 60 ಅಥವಾ ಜಾಸ್ತಿ ಬಂದ್ರೆ ರಿಸ್ಕ್ ಹೆಚ್ಚು, 30ರಿಂದ 50 ಮಧ್ಯಮ, ಅದಕ್ಕಿಂತ ಕೆಳಗೆ ಕಮ್ಮಿ. ಗಮನಿಸಿ, ನೂರರಲ್ಲಿ ವಯಸ್ಸು ಮತ್ತು ಅಪ್ಪ ಅಮ್ಮನದು 50, ಅದನ್ನ ಯಾರೂ ಬದಲಾಯಿಸೋಕಾಗಲ್ಲ, ಆದ್ರೆ ಉಳಿದ 50 ಪೂರ್ತಿ ಸೊಂಟ ಮತ್ತು ನಡಿಗೆಯದು. 42 ವರ್ಷದ ಆಫೀಸ್ ಕೆಲಸದ ಒಬ್ಬ ಗಂಡಸರು, ತಾಯಿಗೆ ಶುಗರ್, ಸೊಂಟ 96, ವ್ಯಾಯಾಮ ಇಲ್ಲ ಅಂತಿಟ್ಕೊಳ್ಳಿ: 20, 10, 10, 30, ಒಟ್ಟು 70. ಅವರೇ ದಿನಾ ವಾಕ್ ಶುರು ಮಾಡಿ ಸೊಂಟ 90ರ ಕೆಳಗೆ ತಂದ್ರೆ 50. ನಮ್ಮ ಮನೆತನಕ್ಕೇ ಶುಗರ್ ಇದೆ, ಏನ್ ಮಾಡೋಕಾಗತ್ತೆ ಅಂತ ಕೈಬಿಟ್ಟಿರೋರಿಗೆ ನಾನು ಹೇಳೋದು ಇದನ್ನೇ.

ಸೊಂಟ ಇಳಿಬೇಕಾದ್ರೆ ತಟ್ಟೆ ನೋಡಬೇಕು. ಬೆಳಿಗ್ಗೆ ಚಿತ್ರಾನ್ನ ಇಲ್ಲ ಇಡ್ಲಿ, ಮಧ್ಯಾಹ್ನ ಅನ್ನ, ಸಂಜೆ ಟೀ ಜೊತೆ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ, ಎಲ್ಲಾ ಒಂದೇ ಪಿಷ್ಟ. ಅರ್ಧ ತಟ್ಟೆ ಪಲ್ಯ, ಸೊಪ್ಪು, ಕೋಸಂಬರಿ ಇರಲಿ, ಕಾಲು ಭಾಗ ಹುರುಳಿ, ಹೆಸರುಕಾಳು, ಮೊಟ್ಟೆ, ಮೀನು ಯಾವುದಾದ್ರೂ, ಉಳಿದ ಕಾಲು ಭಾಗಕ್ಕೆ ಅನ್ನವೋ ಮುದ್ದೆಯೋ. ರಾಗಿ ಅಂದ್ರೆ ಎಷ್ಟು ಬೇಕಾದ್ರೂ ತಿನ್ನಬಹುದು ಅನ್ನೋ ನಂಬಿಕೆ ಬಿಡಿ, ನಾರು ಕ್ಯಾಲ್ಸಿಯಂ ಚೆನ್ನಾಗಿದೆ ನಿಜ, ಆದ್ರೆ ಎರಡು ದೊಡ್ಡ ಮುದ್ದೆ ಶುಗರನ್ನ ಏರಿಸೇ ಏರಿಸತ್ತೆ. ಟೀ ಸಕ್ಕರೆ ವಾರವಾರ ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿ, ನಾಲಿಗೆ ಒಗ್ಗಿಕೊಳ್ಳತ್ತೆ. ಬೀಡಿ ಸಿಗರೇಟು ಇದ್ರೆ ಅದೂ ಬಿಡಬೇಕು.

ನಡಿಗೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ, ಮಾತಾಡಬಹುದು ಆದ್ರೆ ಹಾಡೋಕಾಗಲ್ಲ ಅನ್ನೋ ಸ್ಪೀಡಲ್ಲಿ. ಒಟ್ಟಿಗೆ ಆಗಲ್ಲ ಅನ್ನೋರು ಊಟ ಆದ್ಮೇಲೆ ಹತ್ತತ್ತು ನಿಮಿಷ ನಡೀರಿ, ಊಟದ ನಂತರ ಏರೋ ಶುಗರ್ ಅದರಿಂದ ತಗ್ಗತ್ತೆ.

60 ಬಂದೋರು ಇಷ್ಟಕ್ಕೇ ನಿಲ್ಲಿಸಬೇಡಿ, ಸ್ಕೋರ್ ಅಂದ್ರೆ ಕಾಯಿಲೆ ಇದೆ ಅಂತಲ್ಲ, ಟೆಸ್ಟ್ ಬೇಕು ಅಂತ. ಎಂಟು ಗಂಟೆ ಏನೂ ತಿನ್ನದೆ ಲ್ಯಾಬಿನಲ್ಲಿ ರಕ್ತ ಕೊಡಿ. ರಿಪೋರ್ಟಲ್ಲಿ ಶುಗರ್ (mg/dL) 100ರ ಕೆಳಗೆ ಇದ್ರೆ ಸರಿ, 100ರಿಂದ 125 ಪ್ರಿಡಯಾಬಿಟಿಸ್, 126 ಅಥವಾ ಮೇಲಿದ್ರೆ ಇನ್ನೊಂದ್ಸಲ ಟೆಸ್ಟ್ ಮಾಡಿಸಿ ಡಾಕ್ಟರ್ ಹತ್ರ ಖಚಿತಪಡಿಸಿಕೊಳ್ಳಿ. 30 ವರ್ಷ ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿಪಿ ಎರಡೂ ನೋಡ್ತಾರೆ, ದುಡ್ಡು ಕೊಡಬೇಕಿಲ್ಲ. ವಿಪರೀತ ಬಾಯಾರಿಕೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳೋದು, ಸುಮ್ಸುಮ್ನೆ ತೂಕ ಇಳಿಯೋದು ಇದ್ರೆ ಸ್ಕೋರ್ ಲೆಕ್ಕ ಹಾಕ್ತಾ ಕೂರದೆ ನಾಳೆ ಬೆಳಿಗ್ಗೆನೇ ಹೋಗಿ.