ಅಮೆರಿಕದ ಕಾಲೇಜಿಗೆ ಅರ್ಜಿ: ಹಣದ ಲೆಕ್ಕದಿಂದಲೇ ಆರಂಭಿಸಿ

ಅಮೆರಿಕದಲ್ಲಿ ನೆಲೆಸಿರುವ ಅನೇಕ ಕುಟುಂಬಗಳಲ್ಲಿ ಮಕ್ಕಳು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಕಾಲಿಟ್ಟಾಗ ಮೊದಲು ಕಾಲೇಜುಗಳ ಪಟ್ಟಿ ಸಿದ್ಧವಾಗುತ್ತದೆ, ಬಳಿಕ ಅರ್ಜಿ ಹೋಗುತ್ತದೆ, ಪ್ರವೇಶ ಸಿಕ್ಕ ಮೇಲೆ ಹಣದ ಚಿಂತೆ ಶುರುವಾಗುತ್ತದೆ. ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳುವುದು ಒಳಿತು. ಅಲ್ಲಿನ ಕಾಲೇಜುಗಳು ಪ್ರಕಟಿಸುವ ವೆಚ್ಚವನ್ನು ಎಲ್ಲರೂ ಪೂರ್ತಿಯಾಗಿ ಕಟ್ಟುವುದಿಲ್ಲ. ಮರಳಿಸಬೇಕಿಲ್ಲದ ನೆರವನ್ನು ಕಳೆದ ಮೇಲೆ ಉಳಿಯುವ ಮೊತ್ತವೇ ಕುಟುಂಬದ ಪಾಲಿನ ನಿಜವಾದ ಬೆಲೆ.

ಆ ಬೆಲೆಯನ್ನು ಅರ್ಜಿ ಹಾಕುವ ಮೊದಲೇ ಅಂದಾಜು ಮಾಡಬಹುದು. ಫೆಡರಲ್ ಸರ್ಕಾರದ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ, ವಿದ್ಯಾರ್ಥಿ ನೆರವಿನ ಯೋಜನೆಗಳಲ್ಲಿ ಪಾಲ್ಗೊಳ್ಳುವ ಕಾಲೇಜುಗಳು ತಮ್ಮ ಜಾಲತಾಣದಲ್ಲಿ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇಡಬೇಕೆಂಬ ನಿಯಮ 2011ರಿಂದ ಜಾರಿಯಲ್ಲಿದೆ. ತೆರಿಗೆ ಪತ್ರಗಳನ್ನೂ ಬ್ಯಾಂಕಿನ ವಿವರಗಳನ್ನೂ ಎದುರಿಗಿಟ್ಟುಕೊಂಡು ಪಟ್ಟಿಯಲ್ಲಿರುವ ಪ್ರತಿಯೊಂದು ಕಾಲೇಜಿನ ಲೆಕ್ಕವನ್ನೂ ಹಾಕಿ ನೋಡಿ. ಬರುವ ಉತ್ತರ ಅಂದಾಜು ಮಾತ್ರ, ಆದರೆ ಪಟ್ಟಿಯನ್ನು ತಿದ್ದಲು ಅಷ್ಟು ಸಾಕು.

ಮುಂದಿನ ಪ್ರಶ್ನೆ ಅರ್ಹತೆಯದು. ಫೆಡರಲ್ ನೆರವು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಹಾಗೂ ಕಾನೂನು ಗುರುತಿಸಿರುವ ಇನ್ನು ಕೆಲವು ವರ್ಗದವರಿಗೆ ಮಾತ್ರ ಸಿಗುತ್ತದೆ. ಪೋಷಕರ ಉದ್ಯೋಗ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿ ಬೆಳೆದ ಮಕ್ಕಳಿಗೂ ಎಫ್-1 ವೀಸಾದಲ್ಲಿ ಓದಲು ಬರುವವರಿಗೂ ಅದು ಇಲ್ಲ; ಅವರು ಆಯಾ ಕಾಲೇಜು ತನ್ನ ನಿಧಿಯಿಂದ ಕೊಡುವ ನೆರವನ್ನೇ ನಂಬಬೇಕು. ಆದರೆ ಇಲ್ಲಿ ನೋಡುವುದು ವಿದ್ಯಾರ್ಥಿಯ ಸ್ಥಾನಮಾನವನ್ನು, ತಂದೆ ತಾಯಿಯರದನ್ನಲ್ಲ. ಪೋಷಕರು ಇನ್ನೂ ವೀಸಾದಲ್ಲೇ ಇದ್ದರೂ ಅಮೆರಿಕದಲ್ಲಿ ಹುಟ್ಟಿ ಪ್ರಜೆಯಾದ ಮಗಳು ಅರ್ಜಿ ಹಾಕಬಹುದು.

ಫೆಡರಲ್ ನೆರವಿನ ಅರ್ಜಿಗೆ ಫಾಫ್ಸಾ ಎಂದು ಹೆಸರು. ಇದು ಉಚಿತ, ಪ್ರತಿ ವರ್ಷ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ವಿದ್ಯಾರ್ಥಿಯೂ ಪೋಷಕರೂ ತಮ್ಮದೇ ಬೇರೆ ಬೇರೆ ಖಾತೆ ತೆರೆದು, ತೆರಿಗೆ ಇಲಾಖೆಯಿಂದ ಆದಾಯದ ವಿವರ ತರಿಸಿಕೊಳ್ಳಲು ಒಪ್ಪಿಗೆ ನೀಡಬೇಕು; ಒಬ್ಬರು ಒಪ್ಪದಿದ್ದರೂ ಫೆಡರಲ್ ನೆರವು ನಿಂತುಹೋಗುತ್ತದೆ. ಗಣನೆಗೆ ಬರುವುದು ಎರಡು ವರ್ಷ ಹಿಂದಿನ ಆದಾಯ: 2027ರಲ್ಲಿ ಕಾಲೇಜು ಸೇರುವವರಿಗೆ 2025ರ ತೆರಿಗೆ ಲೆಕ್ಕ. ವಾಸದ ಮನೆ ಮತ್ತು ನಿವೃತ್ತಿ ನಿಧಿಗಳು ಆಸ್ತಿಯಾಗಿ ಲೆಕ್ಕಕ್ಕೆ ಬರುವುದಿಲ್ಲ. ಮಗುವಿನ ಹೆಸರಿನಲ್ಲೇ ಹಣ ಕೂಡಿಟ್ಟವರಿಗೆ ಇಲ್ಲೊಂದು ಪೆಟ್ಟು ಕಾದಿದೆ. ವಿದ್ಯಾರ್ಥಿಯ ಹೆಸರಿನ ಉಳಿತಾಯದಲ್ಲಿ ಶೇ 20ರಷ್ಟು ಓದಿಗೆ ಲಭ್ಯವೆಂದು ನೆರವಿನ ಲೆಕ್ಕದ ಸೂತ್ರ ಭಾವಿಸುತ್ತದೆ, ಪೋಷಕರ ಉಳಿತಾಯದಲ್ಲಾದರೆ ಹೆಚ್ಚೆಂದರೆ ಶೇ 5.64ರಷ್ಟು. ಈ ಎಲ್ಲದರಿಂದ ಹೊರಡುವ ಸ್ಟೂಡೆಂಟ್ ಏಡ್ ಇಂಡೆಕ್ಸ್ ಎಂಬ ಸಂಖ್ಯೆಯೇ ನೆರವಿಗೆ ಆಧಾರ. ಕಡಿಮೆ ಆದಾಯದವರಿಗೆ ದೊರೆಯುವ, ಮರಳಿಸಬೇಕಿಲ್ಲದ ಪೆಲ್ ಗ್ರಾಂಟ್‌ನ ಗರಿಷ್ಠ ಮೊತ್ತ 2025-26ರಲ್ಲಿ 7,395 ಡಾಲರ್ ಆಗಿತ್ತು.

ಹಲವು ಖಾಸಗಿ ಕಾಲೇಜುಗಳು ಫಾಫ್ಸಾ ಜೊತೆಗೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಮತ್ತೊಂದು ನೆರವಿನ ಅರ್ಜಿಯನ್ನೂ ಕೇಳುತ್ತವೆ. ಅದು ಹೆಚ್ಚು ಕೆದಕುತ್ತದೆ, ಮನೆಯ ಮೌಲ್ಯವನ್ನೂ ಬಿಡುವುದಿಲ್ಲ. ಅದರ ಗಡುವು ಪ್ರವೇಶದ ಅರ್ಜಿಯ ಗಡುವಿಗಿಂತ ಬೇರೆಯಾಗಿರಬಹುದಾದ್ದರಿಂದ ಎರಡೂ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಪ್ರವೇಶದ ಅರ್ಜಿಯನ್ನು ಕಾಮನ್ ಆ್ಯಪ್ ಎಂಬ, ಹಲವು ಕಾಲೇಜುಗಳಿಗೆ ಸಾಮಾನ್ಯವಾದ ಆನ್‌ಲೈನ್ ಅರ್ಜಿಯ ಮೂಲಕ 20 ಕಾಲೇಜುಗಳವರೆಗೆ ಕಳುಹಿಸಬಹುದು. ಅರ್ಜಿ ಶುಲ್ಕ ಭಾರವಾಗುವವರು ಅಲ್ಲಿಯೇ ವಿನಾಯಿತಿ ಕೋರಬಹುದು. ಹಣದ ದೃಷ್ಟಿಯಿಂದ ಎಚ್ಚರ ಬೇಕಾದದ್ದು ಅರ್ಲಿ ಡಿಸಿಷನ್ ವಿಷಯದಲ್ಲಿ. ಈ ದಾರಿ ಹಿಡಿದವರು ಪ್ರವೇಶ ಸಿಕ್ಕರೆ ಅಲ್ಲಿಗೇ ಸೇರುವುದಾಗಿ ಮೊದಲೇ ಮಾತು ಕೊಟ್ಟಿರುತ್ತಾರೆ. ನೆರವು ಸಾಲದಿದ್ದರೆ ಬಿಡುಗಡೆ ಕೇಳಲು ಅವಕಾಶವಿದೆಯಾದರೂ, ಬೇರೆ ಕಾಲೇಜುಗಳ ನೆರವಿನೊಡನೆ ಹೋಲಿಸಿ ನೋಡುವ ಅವಕಾಶ ತಪ್ಪಿಹೋಗುತ್ತದೆ. ನೆರವು ಸಿಕ್ಕರಷ್ಟೇ ಓದು ಎನ್ನುವ ಕುಟುಂಬ ಈ ದಾರಿಗೆ ಹೋಗದಿರುವುದೇ ಲೇಸೆಂದು ನನ್ನ ಅಭಿಪ್ರಾಯ.

ಪ್ರವೇಶದ ಜೊತೆಗೋ ಅದರ ಬೆನ್ನಲ್ಲೋ ನೆರವಿನ ಪತ್ರ ಬರುತ್ತದೆ. ಎಲ್ಲಕ್ಕಿಂತ ನಿಧಾನವಾಗಿ ಓದಬೇಕಾದ ಕಾಗದ ಇದು. ಇದರಲ್ಲಿ ಅನುದಾನ, ಕ್ಯಾಂಪಸ್ಸಿನಲ್ಲಿ ದುಡಿದು ಗಳಿಸಬೇಕಾದ ಹಣ (ವರ್ಕ್ ಸ್ಟಡಿ), ಸಾಲ ಮೂರನ್ನೂ ಕೂಡಿಸಿ ಒಂದೇ ಮೊತ್ತವಾಗಿ ತೋರಿಸಿರುವುದುಂಟು. ಒಂದು ಕಾಲೇಜಿನ ವಾರ್ಷಿಕ ವೆಚ್ಚ ಊಟ ವಸತಿ ಸೇರಿ 60,000 ಡಾಲರ್ ಎಂದಿಟ್ಟುಕೊಳ್ಳೋಣ. ಅನುದಾನ 34,000, ಸಾಲ 5,500, ವರ್ಕ್ ಸ್ಟಡಿ 2,500 ಇದ್ದರೆ ಪತ್ರದ ಕೊನೆಯಲ್ಲಿ ನೀವು ಕಟ್ಟಬೇಕಾದದ್ದು 18,000 ಎಂದು ಕಾಣುತ್ತದೆ. ಸಾಲವನ್ನು ತೀರಿಸಬೇಕು, ದುಡಿಮೆಯ ಹಣ ದುಡಿದ ಮೇಲಷ್ಟೇ ಬರುತ್ತದೆ. ಆದ್ದರಿಂದ ನಿಜವಾದ ಬೆಲೆ 26,000. ವೆಚ್ಚ 42,000 ಇದ್ದು 12,000 ಅನುದಾನ ಕೊಡುವ ಇನ್ನೊಂದು ಕಾಲೇಜಿನ ಬೆಲೆ 30,000. ಮೇಲ್ನೋಟಕ್ಕೆ ದುಬಾರಿಯಾದದ್ದೇ ಇಲ್ಲಿ ಅಗ್ಗ.

ತೆರಿಗೆ ಲೆಕ್ಕದ ವರ್ಷದ ನಂತರ ಕೆಲಸ ಹೋಗಿದ್ದರೆ ಅಥವಾ ಆಸ್ಪತ್ರೆಯ ಖರ್ಚು ಮೇಲೆ ಬಿದ್ದಿದ್ದರೆ ಕಾಲೇಜಿನ ನೆರವಿನ ಕಚೇರಿಗೆ ದಾಖಲೆಗಳ ಸಮೇತ ಪತ್ರ ಬರೆದು ಮರುಪರಿಶೀಲನೆ ಕೋರಬೇಕು. ಕಾನೂನು ಆ ಅಧಿಕಾರವನ್ನು ಕಚೇರಿಗೆ ಕೊಟ್ಟಿದೆ, ಸಂಕೋಚಪಡಬೇಕಿಲ್ಲ.

ಸಾಮಾನ್ಯವಾಗಿ ಮೇ 1ರೊಳಗೆ ಒಂದು ಕಾಲೇಜನ್ನು ಆರಿಸಿ ಮುಂಗಡ ಕಟ್ಟಬೇಕು. ಸಾಲವನ್ನು ಪೂರ್ತಿಯಾಗಿ ಒಪ್ಪಬೇಕೆಂದೇನಿಲ್ಲ. ಪೋಷಕರ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ಮೊದಲ ವರ್ಷ ಸಿಗಬಹುದಾದ 5,500 ಡಾಲರ್ ಫೆಡರಲ್ ಸಾಲದಲ್ಲಿ ಹೆಚ್ಚೆಂದರೆ 3,500 ಡಾಲರಿಗೆ ಮಾತ್ರ ಓದುವ ಅವಧಿಯ ಬಡ್ಡಿಯನ್ನು ಸರ್ಕಾರ ಭರಿಸುತ್ತದೆ. ಉಳಿದದ್ದಕ್ಕೆ ಹಣ ಕೈಸೇರಿದ ದಿನದಿಂದಲೇ ಬಡ್ಡಿ ಬೆಳೆಯುತ್ತದೆ; ಬೇಡವಾದರೆ ಅದನ್ನು ಕಾಲೇಜಿನ ಪೋರ್ಟಲ್‌ನಲ್ಲಿ ನಿರಾಕರಿಸಿ. ಫಾಫ್ಸಾವನ್ನು ಪ್ರತಿ ವರ್ಷವೂ ಹೊಸದಾಗಿ ತುಂಬಬೇಕು.